ಶಾರ್ದಾನ್ ಬರೆದ ತಾಮ್ರದ ಪಾತ್ರೆಗೆ ಅಂಚಿನ ಗೆರೆ ಏಕಿಲ್ಲ?

ಪ್ರಶ್ನೆ: ಕೊಪ್ಪಳದ ಚಿತ್ರಕಲಾ ಶಿಕ್ಷಕ

ನಾನು ಕೊಪ್ಪಳ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಕಳೆದ ವಾರ ಒಂಬತ್ತನೆಯ ತರಗತಿಯ ಮಕ್ಕಳ ಮುಂದೆ ತಾಮ್ರದ ಕೊಡ, ಎರಡು ಉಳ್ಳಾಗಡ್ಡಿ ಮತ್ತು ಒಂದು ಬಿಳಿ ಟವೆಲ್ ಇಟ್ಟು ವಸ್ತುಚಿತ್ರ ಬರೆಯಲು ಹೇಳಿದೆ. ಬಹುತೇಕ ಎಲ್ಲರೂ ಡಬ್ಬಿಯಲ್ಲಿದ್ದ ಕಂದು ಬಣ್ಣವನ್ನು ಕೊಡದ ತುಂಬ ಬಳಿದು, ಸುತ್ತ ಕಪ್ಪು ಗೆರೆ ಎಳೆದು, ಹೊಳಪಿಗೆಂದು ಒಂದು ಬಿಳಿ ಚುಕ್ಕೆ ಇಟ್ಟರು. ಆಗ ನಾನು ಫ್ರಾನ್ಸಿನ ಚಿತ್ರಕಾರ ಶಾರ್ದಾನ್ ಬರೆದ ತಾಮ್ರದ ನೀರಿನ ತೊಟ್ಟಿಯ ಚಿತ್ರದ ಮುದ್ರಣವೊಂದನ್ನು ತೋರಿಸಿದೆ. ಒಬ್ಬ ಹುಡುಗಿ ಕೇಳಿದಳು: "ಸರ್, ಇದಕ್ಕೆ ಗೆರೆಯೇ ಇಲ್ಲ, ಆದರೂ ಪಾತ್ರೆ ದುಂಡಗೆ ಕಾಣುತ್ತದಲ್ಲ, ಹೇಗೆ?" ನನಗೆ ತೃಪ್ತಿಯಾಗುವಂಥ ಉತ್ತರ ಕೊಡಲಾಗಲಿಲ್ಲ. ಆತ ಹೀಗೆ ನೋಡುವುದನ್ನು ಎಲ್ಲಿ ಕಲಿತ? ಜೀವನಪೂರ್ತಿ ಅಡುಗೆಮನೆಯ ಪಾತ್ರೆಗಳಲ್ಲೇ ಉಳಿದದ್ದು ಏಕೆ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1: ರಾಯಚೂರಿನಿಂದ

ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಬಹಳ ಮೂಲಭೂತವಾದ ಪ್ರಶ್ನೆ, ಸರ್. ಶಾರ್ದಾನ್‌ನ ಸ್ನೇಹಿತನಾಗಿದ್ದ ಕೋಶಾನ್ ಬರೆದಿಟ್ಟ ಎರಡು ಪ್ರಸಂಗಗಳಲ್ಲಿ ಇದಕ್ಕೆ ಉತ್ತರವಿದೆ. ಯುವಕನಾಗಿದ್ದಾಗ ಶಾರ್ದಾನ್ ನೊಯೆಲ್-ನಿಕೊಲಾ ಕ್ವಾಪೆಲ್ ಎಂಬ ಚಿತ್ರಕಾರನ ಕೈಕೆಳಗೆ ಕೆಲಸಕ್ಕಿದ್ದ. ಬೇಟೆಗಾರನೊಬ್ಬನ ಭಾವಚಿತ್ರದಲ್ಲಿ ಬಂದೂಕನ್ನು ಮಾತ್ರ ಬರೆಯುವ ಕೆಲಸ ಅವನಿಗೆ ಬಂತು. ಕ್ವಾಪೆಲ್ ಆ ಬಂದೂಕನ್ನು ಎಲ್ಲಿ ಇಡಬೇಕು, ಬೆಳಕು ಅದರ ಮೇಲೆ ಹೇಗೆ ಬೀಳಬೇಕು ಎಂಬುದಕ್ಕೆ ಎಷ್ಟು ಕಾಳಜಿ ವಹಿಸಿದನೆಂದರೆ, ಬಂದೂಕಿನಂಥ ಒಂದು ವಸ್ತುವನ್ನೂ ನೆನಪಿನಿಂದಲ್ಲದೆ ಕಣ್ಣೆದುರಿನ ಬೆಳಕಿನಿಂದಲೇ ಬರೆಯಬೇಕೆಂದು ಶಾರ್ದಾನ್‌ಗೆ ಅಂದು ಮನವರಿಕೆಯಾಯಿತು.

ಎರಡನೆಯದು ಸತ್ತ ಮೊಲವೊಂದನ್ನು ಬರೆಯಲು ಕುಳಿತಾಗಿನದು. ತಾನು ಈವರೆಗೆ ನೋಡಿದ್ದೆಲ್ಲವನ್ನೂ, ಬೇರೆಯವರು ಮೊಲವನ್ನು ಬರೆದ ರೀತಿಯನ್ನೂ ಮರೆಯಬೇಕೆಂದು ಆತ ನಿಶ್ಚಯಿಸಿದ. ಮೊಲವನ್ನು ಒಂದೊಂದು ಕೂದಲೂ ಕಾಣದಷ್ಟು ದೂರದಲ್ಲಿಟ್ಟು, ಅದರ ಒಟ್ಟು ಗಾತ್ರ, ಬಣ್ಣದ ಛಾಯೆ, ದುಂಡುತನ, ಬೆಳಕು-ನೆರಳಿನ ಹರಡಿಕೆ ಇಷ್ಟನ್ನೇ ಹಿಡಿಯಲು ಪ್ರಯತ್ನಿಸಿದ.

ಅಂಚಿನ ಗೆರೆ ಇಲ್ಲದಿರುವುದು ಇದರಿಂದಾಗಿಯೇ. ತಾಮ್ರದ ನೆರಳಿನ ಬದಿ ಹಿಂದಿನ ಗೋಡೆಯ ಕತ್ತಲಿನೊಂದಿಗೆ ಬೆರೆತರೆ, ಬೆಳಕಿನ ಬದಿ ಅದರಿಂದ ಬೇರ್ಪಟ್ಟು ನಿಲ್ಲುತ್ತದೆ. ಕಣ್ಣು ನೋಡುವುದೇ ಹಾಗೆ. ನಿಮ್ಮ ಮಕ್ಕಳು ತಾಮ್ರದ ಬಗ್ಗೆ ತಮಗೆ ತಿಳಿದಿರುವುದನ್ನು ಬರೆದಿದ್ದಾರೆ, ಮುಂದಿದ್ದ ಕೊಡವನ್ನಲ್ಲ. ಟವೆಲ್ಲಿನ ಬಿಳುಪು ಕೊಡದ ಹೊಟ್ಟೆಯ ಮೇಲೆ ಬಿದ್ದು, ಅಲ್ಲಿ ಕಂದು ಹೋಗಿ ತಿಳಿಗುಲಾಬಿ ಬಣ್ಣವಾಗಿರುತ್ತದೆ. ಒಂದು ಬದಿಯ ಕಿಟಕಿಗಳನ್ನು ಮಾತ್ರ ತೆರೆದಿಟ್ಟು ಉಳಿದವನ್ನು ಮುಚ್ಚಿರಿ, ಮಕ್ಕಳನ್ನು ಎಂಟು ಹತ್ತು ಅಡಿ ದೂರ ಕೂರಿಸಿ ಕಣ್ಣು ಅರ್ಧ ಮುಚ್ಚಿ ನೋಡಲು ಹೇಳಿರಿ. ನಮ್ಮ ಸೀಮೆಯ ಬಿಸಿಲು ನಾಲ್ಕೂ ದಿಕ್ಕಿನಿಂದ ನುಗ್ಗಿದರೆ ನೆರಳೇ ಉಳಿಯುವುದಿಲ್ಲ.

ಉತ್ತರ 2: ಬಳ್ಳಾರಿಯಿಂದ

ಮೇಲಿನ ಉತ್ತರ ಸರಿಯಾಗಿದೆ. ಆದರೆ ಪ್ರಶ್ನೆಯಲ್ಲಿನ "ಜೀವನಪೂರ್ತಿ ಪಾತ್ರೆಗಳಲ್ಲೇ" ಎಂಬ ಮಾತನ್ನು ತಿದ್ದಬೇಕು. ಆತ 1699ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ, ತಂದೆ ಮರಗೆಲಸದವನು. 1728ರಲ್ಲಿ ರಾಜಮನೆತನದ ಕಲಾ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ತೆಗೆದುಕೊಂಡದ್ದು ಕೊಕ್ಕೆಗೆ ನೇತುಹಾಕಿದ ಹೊಟ್ಟೆ ಸೀಳಿದ ತೊರಕೆ ಎಂಬ ಚಪ್ಪಟೆ ಮೀನಿನ ಚಿತ್ರ ಮತ್ತು ಹಣ್ಣುಗಳನ್ನಿಟ್ಟ ಮೇಜಿನ ಚಿತ್ರಕ್ಕಾಗಿ. ಎರಡೂ ಈಗ ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿವೆ. 1730ರ ದಶಕದಲ್ಲಿ ಅವನು ಮನುಷ್ಯರತ್ತ ತಿರುಗಿ, ಊಟಕ್ಕೆ ಮುಂಚೆ ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಡುವ ತಾಯಿ, ಇಸ್ಪೀಟಿನ ಎಲೆಗಳಿಂದ ಮನೆ ಕಟ್ಟುವ ಹುಡುಗ ಇಂಥವರನ್ನು ಬರೆದ. ಆ ಪ್ರಾರ್ಥನೆಯ ಚಿತ್ರವನ್ನು 1740ರಲ್ಲಿ ದೊರೆ ಹದಿನೈದನೆಯ ಲೂಯಿಗೆ ಅರ್ಪಿಸಿದ. ಈ ಚಿತ್ರಗಳ ಅಚ್ಚುಗಳು ಚೆನ್ನಾಗಿ ಮಾರಾಟವಾಗಿ ಆತನ ಹೆಸರು ಹರಡಿತು. ಪಾತ್ರೆಗಳಿಗೆ ಆತ ಮತ್ತೆ ಮರಳಿದ್ದು ನಂತರ, ಬೇಕೆಂದೇ.

ಆ ಕಾಲದ ಅಕಾಡೆಮಿಯ ಶ್ರೇಣಿಯಲ್ಲಿ ಪುರಾಣ ಮತ್ತು ಇತಿಹಾಸದ ಚಿತ್ರಗಳಿಗೆ ಮೇಲಿನ ಸ್ಥಾನವಿತ್ತು, ವಸ್ತುಚಿತ್ರಕ್ಕೆ ಎಲ್ಲಕ್ಕಿಂತ ಕೆಳಗಿನ ಸ್ಥಾನ. ಹೀಗಿದ್ದರೂ ಅದೇ ಸಂಸ್ಥೆ 1755ರಲ್ಲಿ ಅವನನ್ನು ಖಜಾಂಚಿಯನ್ನಾಗಿ ಮಾಡಿತು, ತಾನು ನಡೆಸುತ್ತಿದ್ದ ಸಲೋನ್ ಎಂಬ ಚಿತ್ರಪ್ರದರ್ಶನದಲ್ಲಿ ಎಲ್ಲರ ಚಿತ್ರಗಳನ್ನು ಗೋಡೆಗೇರಿಸುವ ಹೊಣೆಯನ್ನೂ ಕೊಟ್ಟಿತು. 1763ರ ಸಲೋನ್ ಕುರಿತು ಬರೆದ ಫ್ರೆಂಚ್ ಲೇಖಕ ದಿದೆರೋ, ಆತನ ಚಿತ್ರದಲ್ಲಿ ಬಣ್ಣ ಉಳಿಯದೆ ವಸ್ತುವೇ ಬಂದು ಕೂತಿದೆ ಎಂಬರ್ಥದಲ್ಲಿ ಬೆರಗುಪಟ್ಟಿದ್ದಾನೆ.

ಇದೆಲ್ಲದಕ್ಕಿಂತ ನನ್ನನ್ನು ಕಲಕಿದ್ದು ಆತನ ಕೊನೆಯ ವರ್ಷಗಳು. ಚಿತ್ರಕಾರನೇ ಆಗಿದ್ದ ಮಗ ತಂದೆ ಬದುಕಿರುವಾಗಲೇ ತೀರಿಕೊಂಡ. ಎಣ್ಣೆಬಣ್ಣದ ಕೆಲಸ ಆರೋಗ್ಯಕ್ಕೆ ಒಗ್ಗದೆ, ಕಣ್ಣೂ ಮಂದವಾಗಿ, ಎಪ್ಪತ್ತು ದಾಟಿದ ಆತ ಪೇಸ್ಟಲ್ ಎಂಬ ಒಣ ಬಣ್ಣದ ಕಡ್ಡಿ ಹಿಡಿದು ಹೊಸದಾಗಿ ಕಲಿಯತೊಡಗಿದ. 1771ರಲ್ಲಿ ಕನ್ನಡಕ ಧರಿಸಿದ ತನ್ನದೇ ಮುಖ, 1775ರಲ್ಲಿ ಕಣ್ಣಿಗೆ ಬೆಳಕು ಚುಚ್ಚದಂತೆ ಹಣೆಗೆ ಮರೆ ಕಟ್ಟಿಕೊಂಡ ಮುಖ. ಆ ಎರಡು ಚಿತ್ರಗಳನ್ನು ಮಕ್ಕಳಿಗೆ ತಪ್ಪದೆ ತೋರಿಸಿರಿ. ಆತ 1779ರಲ್ಲಿ ತೀರಿಕೊಂಡ.

ಉತ್ತರ 3: ಕಿನ್ನಾಳದಿಂದ

ನಮ್ಮ ಮನೆತನದಲ್ಲಿ ಮರದ ಗೊಂಬೆಗಳಿಗೆ ಬಣ್ಣ ಹಾಕುತ್ತ ಬಂದಿದ್ದಾರೆ, ಆದ್ದರಿಂದ ಒಂದು ವಿನಂತಿ. ನಮ್ಮ ಬಣ್ಣಗಾರಿಕೆಯಲ್ಲಿ ಅಂಚಿನ ಗೆರೆ ಅಗತ್ಯ. ದೇವರ ಕಣ್ಣು, ಸೀರೆಯ ಸೆರಗು ಗೆರೆಯಿಂದಲೇ ಜೀವ ತಳೆಯುತ್ತವೆ. ಅಲ್ಲಿ ಗೊಂಬೆ ತಾನೇ ದುಂಡಗಿದೆ, ಬೆಳಕನ್ನು ಅದೇ ಹಿಡಿಯುತ್ತದೆ. ಶಾರ್ದಾನ್‌ಗೆ ಇದ್ದದ್ದು ಸಮತಟ್ಟಾದ ಹಲಗೆ, ಆ ತೊಟ್ಟಿಯ ಚಿತ್ರದ ಅಗಲ ಸುಮಾರು ಒಂದು ಗೇಣು. ಆದ್ದರಿಂದ ಗೆರೆ ಹಾಕಿದ ಮಕ್ಕಳಿಗೆ ತಪ್ಪು ಮಾಡಿದ್ದೀರಿ ಎನ್ನಬೇಡಿ. ಕೊಡ ಬೇರೆ ಕೆಲಸ ಕೇಳುತ್ತದೆ ಎಂದಷ್ಟೇ ಹೇಳಿರಿ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಕೃತಜ್ಞತೆಗಳು. ಕಿನ್ನಾಳದವರ ಮಾತು ನನ್ನ ಕಣ್ಣು ತೆರೆಸಿತು, ಗೆರೆಯ ಬಗ್ಗೆ ಮಕ್ಕಳನ್ನು ಗದರಿಸಿದ್ದೆ ಎಂಬುದಕ್ಕೆ ವಿಷಾದವಿದೆ. ಶಾರ್ದಾನ್ ಸುಮಾರು 1761ರಲ್ಲಿ ಬರೆದ ಮತ್ತೊಂದು ಚಿತ್ರದಲ್ಲಿ ಒಂದು ಲೋಟ ನೀರು, ಕಾಫಿಯ ಪಾತ್ರೆ, ಪಕ್ಕದಲ್ಲಿ ಬೆಳ್ಳುಳ್ಳಿ ಗಡ್ಡೆಗಳಿವೆ. ಸೋಮವಾರ ಪೂರ್ವದ ಕಿಟಕಿಯೊಂದನ್ನೇ ತೆರೆದು, ಅದೇ ಕೊಡದ ಪಕ್ಕದಲ್ಲಿ ಒಂದು ಲೋಟ ನೀರು ಮತ್ತು ಬೆಳ್ಳುಳ್ಳಿ ಇಡುತ್ತೇನೆ. ಮೊದಲ ಹತ್ತು ನಿಮಿಷ ಯಾರೂ ಪೆನ್ಸಿಲ್ ಮುಟ್ಟುವಂತಿಲ್ಲ.