ಒಂಬತ್ತಕ್ಕೆ ಕೆಲಸ ಎಂದರೆ ಎಷ್ಟು ಗಂಟೆಗೆ ತಲುಪಬೇಕು?

ನಾನು ತುಮಕೂರಿನವಳು. ಈಚೆಗಷ್ಟೇ ಪೀಣ್ಯದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗಕ್ಕೆ ಸೇರಿದ್ದೇನೆ. ನೇಮಕ ಪತ್ರದಲ್ಲಿ ಸಮಯ ಒಂಬತ್ತರಿಂದ ಐದೂವರೆ, ವಾರಕ್ಕೆ ಆರು ದಿನ. ಮೊದಲ ಬಸ್ಸಿಗೆ ಹೊರಟರೆ ಎಂಟೂ ಇಪ್ಪತ್ತಕ್ಕೆ ಗೇಟಿನ ಮುಂದಿರುತ್ತೇನೆ. ಅದರ ನಂತರದ್ದು ಹಿಡಿದರೆ ನೆಲಮಂಗಲದಿಂದ ಈಚೆಗೆ ವಾಹನಗಳ ಸಾಲು ಸಿಕ್ಕಿ ಒಂಬತ್ತು ದಾಟುವ ಭಯ. ವಿಭಾಗದ ಹಿರಿಯರೊಬ್ಬರು, ‘ಅರ್ಧ ಗಂಟೆ ಮೊದಲೇ ಬಂದು ಹಿಂದಿನ ದಿನದ ಬಿಲ್ಲುಗಳನ್ನು ಜೋಡಿಸಿಡಬೇಕು, ಇಲ್ಲಿ ಎಲ್ಲರೂ ಹಾಗೆಯೇ ಮಾಡುವುದು’ ಎನ್ನುತ್ತಾರೆ. ಆ ಅರ್ಧ ಗಂಟೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ನೀವೆಲ್ಲ ಎಷ್ಟು ಮೊದಲು ತಲುಪುತ್ತೀರಿ, ಏಕೆ? ಹೊಸಬಳಾದ ನಾನು ಏನು ಮಾಡಲಿ?

ಸ್ಟಾಫ್ ನರ್ಸ್, ಹಾಸನ

ತಂಗಿ, ನಮ್ಮಲ್ಲಿ ಬೆಳಗಿನ ಪಾಳಿ ಎಂಟಕ್ಕೆ. ನಾನು ಏಳೂ ನಲವತ್ತಕ್ಕೆ ವಾರ್ಡಿನಲ್ಲಿ ಇರುತ್ತೇನೆ, ಯಾರ ಒತ್ತಾಯದಿಂದಲೂ ಅಲ್ಲ. ರಾತ್ರಿ ಪಾಳಿಯವಳು ಹನ್ನೆರಡು ಗಂಟೆ ನಿಂತು ದುಡಿದಿರುತ್ತಾಳೆ. ನಾನು ಎಂಟಕ್ಕೆ ಸರಿಯಾಗಿ ಕಾಲಿಟ್ಟರೆ ಅವಳು ಹೊರಡುವುದು ಎಂಟೂವರೆಗೆ. ಏಕೆಂದರೆ ಹಸ್ತಾಂತರ ಎನ್ನುವುದು ಒಂದು ಸಹಿಯಲ್ಲಿ ಮುಗಿಯುವುದಿಲ್ಲ. ಒಂದೊಂದೇ ಹಾಸಿಗೆಯ ಬಳಿ ನಿಂತು ಯಾರಿಗೆ ಯಾವ ಡ್ರಿಪ್ ಎಷ್ಟು ಉಳಿದಿದೆ, ಯಾರಿಗೆ ರಾತ್ರಿ ಜ್ವರ ಏರಿತ್ತು, ಯಾರ ರಕ್ತ ಪರೀಕ್ಷೆಯ ವರದಿ ಬರಬೇಕು ಎಂದು ಕೇಳಿಕೊಳ್ಳಬೇಕು. ತುರ್ತು ಔಷಧದ ಟ್ರೇ ನೋಡಬೇಕು, ಆಮ್ಲಜನಕದ ಸಿಲಿಂಡರ್ ನೋಡಬೇಕು, ಬೀಗದೊಳಗಿನ ಔಷಧಗಳನ್ನು ಇಬ್ಬರೂ ಎಣಿಸಿ ಬರೆಯಬೇಕು. ಇದನ್ನು ಅವಸರದಲ್ಲಿ ಮಾಡಿದರೆ ಪೆಟ್ಟು ಬೀಳುವುದು ರೋಗಿಗೆ.

ಆದರೆ ನಿನ್ನ ವಿಷಯ ಬೇರೆ. ಬಿಲ್ಲು ಜೋಡಿಸುವುದು ತಡವಾದರೆ ಯಾರ ಉಸಿರೂ ಕಟ್ಟುವುದಿಲ್ಲ. ನಾನು ಬೇಗ ಬಂದಷ್ಟು ಮಧ್ಯಾಹ್ನ ನನ್ನನ್ನು ಬಿಡಿಸುವವಳೂ ಬೇಗ ಬರುತ್ತಾಳೆ, ಆದ್ದರಿಂದ ನಮ್ಮ ಇಪ್ಪತ್ತು ನಿಮಿಷ ನಮಗೆ ತಿರುಗಿ ಬರುತ್ತದೆ. ನಿನ್ನ ಅರ್ಧ ಗಂಟೆ ನಿನಗೆ ತಿರುಗಿ ಬರುತ್ತದೆಯೇ ಎಂದು ನೋಡಿಕೋ.

ನಿವೃತ್ತ ಶಿರಸ್ತೇದಾರ್, ಕಲಬುರಗಿ

ನೋಡಮ್ಮ, ನಾನು ಹಳೆಯ ಕಾಲದವನು, ನನ್ನ ಅಭಿಪ್ರಾಯ ಸ್ಪಷ್ಟ. ರಾಜ್ಯ ಸರ್ಕಾರಿ ಕಚೇರಿಯ ಸಮಯ ಹತ್ತರಿಂದ ಐದೂವರೆ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ನಮ್ಮ ಭಾಗದಲ್ಲಿ ಬೆಳಿಗ್ಗೆ ಎಂಟರಿಂದ ಒಂದೂವರೆ. ಸೇವೆಯ ಉದ್ದಕ್ಕೂ ನಾನು ಅರ್ಧ ಗಂಟೆ ಮೊದಲು ಕುರ್ಚಿಯಲ್ಲಿ ಕುಳಿತಿರುತ್ತಿದ್ದೆ. ಹತ್ತು ಗಂಟೆಯಾದರೆ ಸಾಕು, ಪಹಣಿ, ಪಿಂಚಣಿ, ಜಾತಿ ಪ್ರಮಾಣಪತ್ರ ಎಂದು ಹಳ್ಳಿಯ ಜನ ಬಾಗಿಲಲ್ಲಿ ನಿಲ್ಲುತ್ತಾರೆ. ಆಮೇಲೆ ಕಡತದ ಮೇಲೆ ಕಣ್ಣಿಡಲು ಆಗುವುದಿಲ್ಲ. ಆ ಶಾಂತವಾದ ಅರ್ಧ ಗಂಟೆಯಲ್ಲಿ ಟಪಾಲು ವಿಂಗಡಿಸಿ, ಕ್ಲಿಷ್ಟವಾದ ಒಂದೆರಡು ಕಡತಗಳಿಗೆ ಟಿಪ್ಪಣಿ ಬರೆದು ಮುಗಿಸಿದರೆ ದಿನವಿಡೀ ಮನಸ್ಸು ಹಗುರ.

ಚಿಂಚೋಳಿಯಿಂದಲೋ ಸೇಡಂನಿಂದಲೋ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದ ವೃದ್ಧೆ ಖಾಲಿ ಕುರ್ಚಿಯನ್ನು ನೋಡುತ್ತ ಕಾಯುವುದನ್ನು ನನಗೆ ಸಹಿಸಲು ಆಗುತ್ತಿರಲಿಲ್ಲ. ಹೊಸಬಳಾಗಿ ನೀನು ಕೆಲಕಾಲ ಬೇಗ ಹೋಗು. ಕೆಲಸ ಬೇಗ ಕೈಗೆ ಹತ್ತುತ್ತದೆ, ಹಿರಿಯರ ವಿಶ್ವಾಸವೂ ಸಿಗುತ್ತದೆ.

ಗಾರ್ಮೆಂಟ್ಸ್ ಟೈಲರ್, ಮದ್ದೂರು

ಶಿರಸ್ತೇದಾರ್ ಸಾಹೇಬರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ತಾವು ಬೇಗ ಹೋಗಿದ್ದು ತಮ್ಮ ಇಷ್ಟದಿಂದ. ಹೋಗದಿದ್ದ ದಿನ ತಮ್ಮನ್ನು ಯಾರೂ ಕೇಳುತ್ತಿರಲಿಲ್ಲ. ಕೇಳುವವರು ಇರುವ ಕಡೆ ಅದೇ ಅರ್ಧ ಗಂಟೆ ಬೇರೆಯದೇ ಆಗಿಬಿಡುತ್ತದೆ.

ಈ ಮೊದಲು ನಾನಿದ್ದ ಕಾರ್ಖಾನೆಯಲ್ಲಿ ಒಂಬತ್ತಕ್ಕೆ ಲೈನ್ ಶುರು. ಒಂಬತ್ತಕ್ಕೆ ಶುರು ಎಂದರೆ ಒಂಬತ್ತಕ್ಕೆ ಮೊದಲ ಬಂಡಲಿನ ಮೊದಲ ಪೀಸ್ ಮೆಷಿನ್ನಿನ ಸೂಜಿಯ ಕೆಳಗೆ ಇರಬೇಕು. ಹಾಗಾಗಬೇಕಾದರೆ ಅದಕ್ಕಿಂತ ಮೊದಲು ಮೆಷಿನ್ ಒರೆಸಬೇಕು, ಎಣ್ಣೆಯ ಕಲೆ ಬಟ್ಟೆಗೆ ಹತ್ತದಂತೆ ಹಳೆಯ ಚೂರು ಹೊಲಿದು ನೋಡಬೇಕು, ಬಾಬಿನ್ ತುಂಬಿಸಬೇಕು, ಸೂಜಿ ಮೊಂಡಾಗಿದ್ದರೆ ಬದಲಿಸಿಕೊಳ್ಳಬೇಕು. ಸೂಜಿ ಮುರಿದಿದ್ದರೆ ಅದರ ಎಲ್ಲ ಚೂರುಗಳನ್ನೂ ತೋರಿಸದ ಹೊರತು ಹೊಸದು ಕೊಡುವುದಿಲ್ಲ, ಅಲ್ಲಿಯೂ ಒಂದು ಸಾಲು. ಇಷ್ಟಕ್ಕೆಲ್ಲ ಇಪ್ಪತ್ತೈದು ನಿಮಿಷ ಬೇಕೇ ಬೇಕು. ಅದನ್ನು ‘ಕೆಲಸಕ್ಕೆ ಮೊದಲು’ ಎಂದು ಕರೆದರೆ ಕೆಲಸ ಅಲ್ಲದೆ ಅದು ಮತ್ತೇನು? ಆದರೆ ಕಾರ್ಡ್ ತೋರಿಸಿದ್ದು ಎಂಟೂವರೆಗೆ ಇದ್ದರೂ ಸಂಬಳದ ಪಟ್ಟಿಯಲ್ಲಿ ಒಂಬತ್ತು. ಸಂಜೆ ಐದೂವರೆಗೆ ಐದು ನಿಮಿಷ ಮೊದಲು ಎದ್ದವರಿಗೆ ಮಾತ್ರ ನಿಮಿಷ ನಿಮಿಷದ ಲೆಕ್ಕ. ವ್ಯಾನ್ ಕೆಟ್ಟು ಒಂಬತ್ತೂ ಹತ್ತಕ್ಕೆ ಬಂದ ದಿನ ಗೇಟು ಹಾಕಿ, ಅರ್ಧ ದಿನದ ಕೂಲಿ ಕತ್ತರಿಸಿದ್ದರು.

ನಮ್ಮ ಕಡೆಯ ಹೆಂಗಸರು ಬೆಳಗಿನ ಜಾವ ನಾಲ್ಕೂವರೆಗೆ ಏಳುತ್ತಾರೆ. ಹಾಲು ಕರೆದು ಡೈರಿಗೆ ಹಾಕಿ, ಮುದ್ದೆ ಸಾರು ಮಾಡಿಟ್ಟು, ಮಕ್ಕಳ ಬುತ್ತಿ ಕಟ್ಟಿ ವ್ಯಾನ್ ಹತ್ತುತ್ತಾರೆ. ಅವರಿಂದ ಅರ್ಧ ಗಂಟೆ ಕೇಳುವುದು ಎಂದರೆ ನಿದ್ದೆಯಿಂದ ಕೇಳುವುದು ಎಂದೇ ಅರ್ಥ. ಮನೆಯಲ್ಲಿ ಬೇರೆ ಎಲ್ಲಿಯೂ ಅವರಿಗೆ ಬಿಡುವಿನ ಅರ್ಧ ಗಂಟೆ ಇಲ್ಲ. ನಾವು ಹತ್ತಾರು ಜನ ಸೇರಿ ಕೇಳಿದ ಮೇಲೆ ಮೆಷಿನ್ ಸಿದ್ಧ ಮಾಡುವ ಸಮಯವನ್ನು ಒಂಬತ್ತರ ನಂತರಕ್ಕೆ ತಂದರು, ಮೊದಲ ಗಂಟೆಯ ಟಾರ್ಗೆಟ್ ಇಳಿಸಿದರು. ಕಾರ್ಖಾನೆಯೇನೂ ಮುಳುಗಲಿಲ್ಲ.

ತಂಗಿ, ನಿನಗೆ ನನ್ನ ಮಾತು ಇಷ್ಟೇ: ಬೇಗ ತಲುಪು, ಆದರೆ ಬಿಲ್ಲು ಮುಟ್ಟಬೇಡ. ತಿಂಡಿ ತಿನ್ನು, ಗೆಳತಿಯರ ಜೊತೆ ಕುಳಿತುಕೋ. ಒಂಬತ್ತಕ್ಕೆ ಕೆಲಸ ಶುರು ಮಾಡು.

ಬ್ಯಾಂಕ್ ನಗದು ಗುಮಾಸ್ತ, ಶಿವಮೊಗ್ಗ

ಗ್ರಾಹಕರಿಗೆ ಹತ್ತಕ್ಕೆ ಬಾಗಿಲು ತೆರೆಯುತ್ತದೆ, ನಾನು ಒಂಬತ್ತೂವರೆಗೆ ಇರುತ್ತೇನೆ. ಭದ್ರಕೋಣೆಗೆ ಎರಡು ಕೀಲಿ, ಒಂದು ನನ್ನ ಬಳಿ, ಇನ್ನೊಂದು ಅಧಿಕಾರಿಯ ಬಳಿ. ಇಬ್ಬರಲ್ಲಿ ಒಬ್ಬರು ತಡವಾದರೂ ಒಂದು ರೂಪಾಯಿ ಹೊರಗೆ ಬರುವುದಿಲ್ಲ. ಕೀಲಿ ಇಟ್ಟುಕೊಂಡವರು ಮಾತ್ರ ಅಷ್ಟು ಬೇಗ ಬರುತ್ತಾರೆ, ಉಳಿದವರು ತಮ್ಮ ಸಮಯಕ್ಕೆ ಬರುತ್ತಾರೆ. ನಿಮ್ಮ ಕೈಯಲ್ಲಿ ಅಂಥ ಕೀಲಿ ಇದೆಯೇ ಎಂದು ಮೊದಲು ಕೇಳಿಕೊಳ್ಳಿ.

ಬಸ್ ನಿರ್ವಾಹಕ, ಚಿಕ್ಕಮಗಳೂರು

ಬೆಳಿಗ್ಗೆ ಆರರ ಬಸ್ಸಿಗೆ ನಾನು ಐದೂಕಾಲಿಗೆ ಡಿಪೋದಲ್ಲಿ. ವೇಬಿಲ್ ಪಡೆಯಬೇಕು, ಟಿಕೆಟ್ ಯಂತ್ರ ತೆಗೆದುಕೊಂಡು ಅದರ ಚಾರ್ಜ್, ಕಾಗದದ ಸುರುಳಿ, ಮಾರ್ಗ ಎಲ್ಲವನ್ನೂ ಪರಿಶೀಲಿಸಬೇಕು, ಚಿಲ್ಲರೆ ಹೊಂದಿಸಿಕೊಳ್ಳಬೇಕು. ಅಷ್ಟರಲ್ಲಿ ಚಾಲಕರು ಟೈರಿನ ಗಾಳಿ, ಬ್ರೇಕು, ದೀಪ ನೋಡುತ್ತಾರೆ. ಮಳೆಗಾಲದಲ್ಲಿ ಘಟ್ಟ ಇಳಿಯುವ ಬಸ್ಸಿಗೆ ವೈಪರ್ ಮತ್ತು ಬ್ರೇಕ್ ನೋಡದೆ ಹೊರಡುವ ಚಾಲಕನನ್ನು ನಾನಂತೂ ಕಂಡಿಲ್ಲ.

ಇಲ್ಲಿ ಮುಖ್ಯವಾದ ಒಂದು ಸಂಗತಿ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಇಂಥ ಕೆಲಸವನ್ನು ಪೂರಕ ಕೆಲಸ ಎಂದು ಗುರುತಿಸಿತು. ಹಣ ಕಟ್ಟುವುದು, ರಿಜಿಸ್ಟರಿಗೆ ಸಹಿ ಹಾಕುವುದು, ವಾಹನ ವಹಿಸಿಕೊಳ್ಳುವುದು ಮತ್ತು ಒಪ್ಪಿಸುವುದು ಎಲ್ಲವೂ ಕೆಲಸದ ಗಂಟೆಯೊಳಗೇ ಬರುತ್ತವೆ ಎಂದಿತು. ಬಸ್ ಉರುಳಿದಷ್ಟು ಹೊತ್ತು ಮಾತ್ರ ದುಡಿಮೆ ಎಂದು ಲೆಕ್ಕ ಹಾಕಿದ್ದರೆ ನಮ್ಮ ಗತಿ ಏನಾಗುತ್ತಿತ್ತು? ಇದನ್ನು ಹಳಬರು ಹೊಸಬರಿಗೆ ಹೇಳಿಕೊಡುತ್ತಲೇ ಬಂದಿದ್ದಾರೆ.

ರೈಲಿನಲ್ಲಿ ಓಡಾಡುವವನು, ಕೋಲಾರ ಚಿನ್ನದ ಗಣಿ

2001ರಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮ ಊರಿನ ದುಡಿಮೆ ರೈಲು ಹತ್ತಿತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ ನಿಲ್ದಾಣಗಳಲ್ಲಿ ಇನ್ನೂ ಕತ್ತಲಿರುವಾಗಲೇ ಜನ ನಿಂತಿರುತ್ತಾರೆ. ಎಷ್ಟು ಹೊತ್ತಿಗೆ ತಲುಪುವುದು ಎಂದು ನಾವು ನಿರ್ಧರಿಸುವುದಿಲ್ಲ, ರೈಲು ನಿರ್ಧರಿಸುತ್ತದೆ. ನನ್ನ ಕೆಲಸ ಇಂದಿರಾನಗರದಲ್ಲಿ ಒಂಬತ್ತೂವರೆಗೆ. ಎಕ್ಸ್‌ಪ್ರೆಸ್‌ಗೆ ದಾರಿ ಬಿಡಲು ನಮ್ಮ ಗಾಡಿಯನ್ನು ನಿಲ್ಲಿಸಿದರೆ ಇಪ್ಪತ್ತು ನಿಮಿಷ ಹೋಯಿತು. ಅದಕ್ಕೇ ಒಂದು ಗಾಡಿ ಮೊದಲೇ ಹಿಡಿಯುತ್ತೇನೆ. 2023ರಲ್ಲಿ ಮೆಟ್ರೊ ಕೃಷ್ಣರಾಜಪುರಕ್ಕೆ ಬಂದ ಮೇಲೆ ಅಲ್ಲಿಯೇ ಇಳಿದು ಬದಲಿಸುವುದರಿಂದ ಎಷ್ಟೋ ನೆಮ್ಮದಿ. ಗಾಡಿ ಸರಿಯಾಗಿ ಬಂದ ದಿನ ಒಂದು ಗಂಟೆ ಮೊದಲು ತಲುಪುತ್ತೇನೆ, ತಡೆದ ದಿನ ಹತ್ತು ನಿಮಿಷ ಮೊದಲು.

ಉಳಿದ ಸಮಯದಲ್ಲಿ ಇಲಾಖಾ ಪರೀಕ್ಷೆಗೆ ಓದುತ್ತೇನೆ. ಮೇಲಧಿಕಾರಿಗೆ ಮೊದಲ ವಾರವೇ ಹೇಳಿದ್ದೆ: ‘ನಾನು ಬೇಗ ಬರುವುದು ರೈಲಿನಿಂದಾಗಿ. ಒಂಬತ್ತೂವರೆಯವರೆಗೆ ಈ ಸಮಯ ನನ್ನದು.’ ನಿಧಾನವಾಗಿ, ಮರ್ಯಾದೆಯಿಂದ ಹೇಳಿದ್ದಕ್ಕೆ ಯಾರೂ ಬೇಸರಿಸಿಕೊಳ್ಳಲಿಲ್ಲ. ಬೇಗ ಬರುವುದು ರೂಢಿಯಾಗಿಬಿಟ್ಟ ಮೇಲೆ ಇದನ್ನು ಹೇಳುವುದು ಕಷ್ಟ. ನೀವು ಹೊಸಬರು, ಈಗಲೇ ಹೇಳಿಬಿಡಿ.

ಎಂಜಿನಿಯರ್, ಸ್ಟುಟ್‌ಗಾರ್ಟ್ (ಊರು ಧಾರವಾಡ)

ಇಲ್ಲಿ ನಮ್ಮ ಕಚೇರಿಯಲ್ಲಿ ಬಾಗಿಲಿನ ಬಳಿ ಕಾರ್ಡ್ ತಾಗಿಸಿದ ಕ್ಷಣದಿಂದ ಸಮಯ ಎಣಿಕೆಯಾಗುತ್ತದೆ. ಏಳೂವರೆಗೆ ಬಂದರೆ ಅಷ್ಟು ಬೇಗ ಮನೆಗೆ. ಬೇಗ ಬಂದವರನ್ನು ಯಾರೂ ಹೊಗಳುವುದೂ ಇಲ್ಲ, ಅವರ ನಿಮಿಷಗಳು ಕಳೆದುಹೋಗುವುದೂ ಇಲ್ಲ.

ಕಾರ್ಮಿಕ ವ್ಯಾಜ್ಯಗಳ ವಕೀಲ, ಬೆಂಗಳೂರು

ಇನ್ನು ಲೆಕ್ಕ ಹಾಕೋಣ. ಒಂಬತ್ತರಿಂದ ಐದೂವರೆ ಎಂದರೆ ಎಂಟೂವರೆ ಗಂಟೆ. ಊಟದ ಅರ್ಧ ಗಂಟೆ ಕಳೆದರೆ ಎಂಟು. ಆರು ದಿನಕ್ಕೆ 48. ವಾರಕ್ಕೆ 48 ಗಂಟೆ ಎನ್ನುವುದು 1948ರ ಕಾರ್ಖಾನೆ ಕಾಯಿದೆ ಹಾಕಿದ ಮಿತಿ. ಅಂದರೆ ನಿಮ್ಮ ನೇಮಕ ಪತ್ರ ಆ ಗೆರೆಯ ಮೇಲೆಯೇ ನಿಂತಿದೆ. ದಿನಕ್ಕೆ ಅರ್ಧ ಗಂಟೆ ಸೇರಿದರೆ ವಾರಕ್ಕೆ ಮೂರು ಗಂಟೆ ಆ ಗೆರೆಯಾಚೆ. ಮಿತಿ ಮೀರಿದ ದುಡಿಮೆಗೆ ಇಮ್ಮಡಿ ವೇತನ ಎನ್ನುವುದು ಅದೇ ಕಾಯಿದೆಯ 59ನೆಯ ಕಲಮು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೂ ಇಮ್ಮಡಿ ವೇತನದ ತತ್ವ ಹಾಗೆಯೇ ಇದೆ. ಕಾರ್ಖಾನೆಯ ಲೆಕ್ಕಪತ್ರ ಸಿಬ್ಬಂದಿಗೆ ಇದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದು ಹುದ್ದೆಯ ಹೆಸರಿಗಿಂತ ನೀವು ನಿಜವಾಗಿ ಮಾಡುವ ಕೆಲಸವನ್ನು ಅವಲಂಬಿಸಿದೆ.

ಮದ್ದೂರಿನ ಅಕ್ಕನವರು ಹೇಳಿದ ಅರ್ಧ ದಿನದ ಕಡಿತದ ವಿಷಯ: ಎಷ್ಟು ಹೊತ್ತು ಗೈರುಹಾಜರಿಯೋ ಅಷ್ಟಕ್ಕೆ ತಕ್ಕ ಕೂಲಿಯನ್ನು ಮಾತ್ರ ಕತ್ತರಿಸಬಹುದು ಎಂಬುದು 1936ರ ವೇತನ ಪಾವತಿ ಕಾಯಿದೆಯ ಕಾಲದಿಂದ ಬಂದ ನಿಯಮ. ಹತ್ತು ನಿಮಿಷಕ್ಕೆ ಅರ್ಧ ದಿನ ಎನ್ನುವುದು ಅನ್ಯಾಯ, ಅದನ್ನು ಪ್ರಶ್ನಿಸಬಹುದು.

ತಂಗಿ, ನೀವು ಮೊದಲ ಬಸ್ಸಿಗೇ ಬನ್ನಿ. ಹಿರಿಯರ ಬಳಿ ಜಗಳ ಬೇಡ. ‘ಬಿಲ್ಲು ಜೋಡಿಸುವ ಕೆಲಸವನ್ನು ಎಂಟೂವರೆಗೇ ಮಾಡುತ್ತೇನೆ, ಸಂಜೆ ಐದಕ್ಕೆ ಹೊರಡಲೇ?’ ಎಂದು ಕೇಳಿ. ನಿಮಗೆ ಸಂಜೆಯ ಬಸ್ಸೂ ಬೇಗ ಸಿಗುತ್ತದೆ, ಅವರಿಗೆ ಬೆಳಗಿನ ಬಿಲ್ಲೂ ಸಿದ್ಧವಾಗುತ್ತದೆ.

ಪ್ರಶ್ನೆ ಕೇಳಿದವಳು, ತುಮಕೂರು

ಎಲ್ಲರಿಗೂ ಕೃತಜ್ಞತೆ. ಸೋಮವಾರ ಹಿರಿಯರ ಬಳಿ ಹೀಗೆಯೇ ಕೇಳುತ್ತೇನೆ. ಒಂದು ಸಂದೇಹ ಉಳಿದಿದೆ ವಕೀಲರೇ. ಹಾಜರಾತಿ ಯಂತ್ರ ಎಂಟೂ ಐವತ್ತಕ್ಕಿಂತ ಮೊದಲು ಬೆರಳಚ್ಚು ತೆಗೆದುಕೊಳ್ಳುವುದಿಲ್ಲ. ಆದರೆ ಗೇಟಿನಲ್ಲಿ ಕಾವಲುಗಾರರು ಬಂದ ಸಮಯವನ್ನು ಪುಸ್ತಕದಲ್ಲಿ ಬರೆಸಿಕೊಳ್ಳುತ್ತಾರೆ. ಅದಕ್ಕೆ ಬೆಲೆ ಇದೆಯೇ?

ವಕೀಲ

ಇದೆ. ಆದರೆ ಅದು ನೀವು ಒಳಗೆ ಬಂದ ಹೊತ್ತನ್ನು ಮಾತ್ರ ಹೇಳುತ್ತದೆ, ಕೆಲಸ ಮಾಡಿದಿರಿ ಎಂದು ಹೇಳುವುದಿಲ್ಲ. ಬಿಲ್ಲುಗಳನ್ನು ಗಣಕದಲ್ಲಿ ನಮೂದಿಸುವಾಗ ಅದರ ಸಮಯವೂ ದಾಖಲಾಗುತ್ತದಲ್ಲ, ಅದು ಇನ್ನೂ ಗಟ್ಟಿಯಾದ ಸಾಕ್ಷ್ಯ. ನಿಮ್ಮದೇ ದಿನಚರಿ ಪುಸ್ತಕದಲ್ಲೂ ಅಂದಂದೇ ಬರೆದಿಡಿ. ಬೇಗ ಬರಬೇಕೆಂದು ಹೇಳಿದರೆ, ಅದನ್ನು ಒಂದು ಸಾಲಿನ ಇ-ಮೇಲ್‌ನಲ್ಲಿ ತಿಳಿಸುವಂತೆ ವಿನಯದಿಂದ ಕೇಳಿ.