‘ಬೇಕಂತಲೇ’ ಅನ್ನುವುದಕ್ಕೆ ನಾಮಪದ ಇದೆಯೇ?

ಗೆಳೆಯರೇ,

ರಷ್ಯನ್ ಲೇಖಕ ದಸ್ತಯೆವ್ಸ್ಕಿಯ 1864ರ ಕಿರುಕಾದಂಬರಿಯೊಂದರ ಮೊದಲ ಭಾಗವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಾತಾಡುವವನು ನಲವತ್ತು ವರ್ಷದ ಮಾಜಿ ಸರ್ಕಾರಿ ನೌಕರ. ಪೀಟರ್ಸ್‌ಬರ್ಗಿನ ಅಂಚಿನಲ್ಲೊಂದು ಕೋಣೆ ಹಿಡಿದು, ಯಾರೊಡನೆಯೂ ಸೇರದೆ ಇದ್ದಾನೆ. ಲಿವರ್ ನೋಯುತ್ತಿದೆ ಅನ್ನುತ್ತಾನೆ, ಡಾಕ್ಟರ ಹತ್ತಿರ ಮಾತ್ರ ಹೋಗುವುದಿಲ್ಲ. ಹೋಗದಿದ್ದರೆ ನಷ್ಟ ತನಗೇ ಎಂದು ಗೊತ್ತು. ಗೊತ್ತಿದ್ದೇ ಹೋಗುವುದಿಲ್ಲ. ಹಾಗೆ ಹೋಗದಂತೆ ಮಾಡುವುದಕ್ಕೆ ಏನು ಹೆಸರಿಡಲಿ? ಮೂರು ವಾರದಿಂದ ಅಲ್ಲೇ ನಿಂತಿದ್ದೇನೆ.

ಮೊದಲು ‘ಛಲ’ ಎಂದು ಬರೆದೆ. ಓದಿ ನೋಡಿದರೆ ಮನುಷ್ಯ ದೊಡ್ಡವನಾಗಿಬಿಟ್ಟಿದ್ದ. ಸಂಸ್ಕೃತದಲ್ಲಿ ಛಲವೆಂದರೆ ಕಪಟ, ಮೋಸ. ಕನ್ನಡಕ್ಕೆ ಬಂದು ಅದು ಗುಣವಾಯಿತು. ಪಂಪ ‘ಚಲದೊಳ್ ದುರ್ಯೋಧನಂ’ ಎಂದು ಮೆಚ್ಚಿಯೇ ಹೇಳುತ್ತಾನೆ. ರನ್ನನ ದುರ್ಯೋಧನ, ತಾನು ಕಾದುವುದು ನೆಲಕ್ಕಲ್ಲ, ಛಲಕ್ಕೆ ಎನ್ನುತ್ತಾನೆ. ಇವತ್ತಿಗೂ ‘ಛಲ ಬಿಡದೆ ಓದಿ ಪಾಸಾದಳು’ ಅನ್ನುತ್ತೇವೆ. ಸಾವಿರ ವರ್ಷದ ಆ ಕಿರೀಟ ಈ ನೌಕರನ ತಲೆಗೆ ಕೂರುವುದಿಲ್ಲ. ‘ಜಿದ್ದು’ ಅನ್ನೋಣವೆಂದರೆ ಅದಕ್ಕೆ ಎದುರಾಳಿ ಬೇಕು. ಇವನು ಬಾರದಿರುವುದು ಆ ಡಾಕ್ಟರಿಗೆ ಗೊತ್ತೂ ಇಲ್ಲ. ‘ಹಟ’ ಹತ್ತಿರದ್ದೇ, ಆದರೆ ಮಕ್ಕಳ ಹಟ ನೆನಪಾಗಿ ಮಾತು ಮೆತ್ತಗಾಗುತ್ತದೆ. ‘ಮಗ ಸತ್ತರೂ ಚಿಂತೆಯಿಲ್ಲ, ಸೊಸೆ ಮುಂಡೆಯಾಗಲಿ’ ಎಂಬ ಗಾದೆಯಲ್ಲಿ ಆ ವಿಷ ಪೂರ್ತಿ ಇದೆ. ಗಾದೆ ಇದೆ, ಹೆಸರಿಲ್ಲ.

ಮುಂದೆ ಅವನು ಇದನ್ನೇ ವಾದವಾಗಿ ಬೆಳೆಸುತ್ತಾನೆ. ಮನುಷ್ಯನಿಗೆ ತನ್ನ ಲಾಭ ಯಾವುದೆಂದು ಲೆಕ್ಕ ಹಾಕಿ ತೋರಿಸಿಬಿಟ್ಟರೆ ಸರಿಯಾಗಿ ನಡೆಯುತ್ತಾನೆ ಎನ್ನುವವರನ್ನು ಕಂಡರೆ ಅವನಿಗೆ ಆಗದು. ತಾನು ಪಿಯಾನೋದ ಕೀ ಅಲ್ಲ ಎಂದು ತೋರಿಸುವುದಕ್ಕಾದರೂ ಮನುಷ್ಯ ತನಗೆ ಕೇಡು ತಂದುಕೊಳ್ಳುತ್ತಾನೆ ಎನ್ನುತ್ತಾನೆ. ‘ಎರಡೆರಡ್ಲಿ ನಾಲ್ಕು’ ಎಂಬ ಲೆಕ್ಕ ಅವನಿಗೆ ದಾರಿಗಡ್ಡವಾದ ಗೋಡೆ. (ಇದನ್ನು ಮಗ್ಗಿಯ ಧಾಟಿಯಲ್ಲೇ ಇಟ್ಟಿದ್ದೇನೆ, ಬದಲಿಸುವುದಿಲ್ಲ.) ಇಲ್ಲಿ ‘ಇಚ್ಛಾಸ್ವಾತಂತ್ರ್ಯ’ ಎಂದರೆ ಪಠ್ಯಪುಸ್ತಕವಾಗುತ್ತದೆ. ಸ್ವ, ಇಚ್ಛೆ ಕೂಡಿದ ‘ಸ್ವೇಚ್ಛೆ’ ಹೇಳಿ ಮಾಡಿಸಿದಂತಿತ್ತು. ‘ಸ್ವಾತಂತ್ರ್ಯ ಸ್ವೇಚ್ಛೆಯಾಗಬಾರದು’ ಎಂದು ಪ್ರತಿ ಆಗಸ್ಟ್ 15ಕ್ಕೂ ಭಾಷಣ ಮಾಡಿ ಅದನ್ನು ಕೆಡಿಸಿದ್ದೇವೆ. ರಷ್ಯನ್ನಿನಲ್ಲಿ ‘ವೋಲ್ಯ’ ಎಂಬ ಒಂದೇ ಮಾತಿಗೆ ಇಚ್ಛೆ, ಬಿಡುಗಡೆ ಎರಡೂ ಅರ್ಥ. ನಿಜಕ್ಕೂ ಹೊಟ್ಟೆಕಿಚ್ಚಾಗುತ್ತದೆ.

ಕೊನೆಗೆ ಸಿಕ್ಕಿದ್ದು ನಮ್ಮ ಮನೆಯದೇ ಮಾತು. ಚಾಮರಾಜಪೇಟೆಯ ವಠಾರದಲ್ಲಿ ನಮ್ಮ ದೊಡ್ಡಪ್ಪ ಇದ್ದರು. ಪೊರೆ ಬಂದು ಕಣ್ಣು ಮಂಜಾದರೂ ಆಪರೇಷನ್ ಬೇಡವೆಂದರು. ದುಡ್ಡಿತ್ತು, ಹೆದರಿಕೆಯೂ ಇರಲಿಲ್ಲ. ಕೇಳಿದರೆ ‘ಕಣ್ಣು ನಂದು’ ಅಷ್ಟೇ. ಓದದೆ ಇರಲಾರದಿದ್ದವರು, ಪೇಪರನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದರು. ದೊಡ್ಡಮ್ಮ ಒಮ್ಮೆ ಅಡುಗೆಮನೆಯಲ್ಲಿ ನನಗೆ ಹೇಳಿದರು: “ಅವ್ರಿಗೆ ತಿಳೀದೇ ಅಲ್ಲ ಕಣೋ. ಬೇಕಂತ್ಲೇ ಮಾಡ್ತಿದಾರೆ.”

ಬೇಕು, ಅಂತ, ಕೊನೆಗೆ ಒತ್ತಿ ಹೇಳುವ ‘ಲೇ’. ಇಚ್ಛೆ ಪದದೊಳಗೇ ಕೂತಿದೆ. ರಷ್ಯನ್ ಮೂಲದಲ್ಲೂ ಅವನು ಮತ್ತೆ ಮತ್ತೆ ಹೇಳುವ ‘ಖತೇನ್ಯೆ’ ಬಂದಿರುವುದು ‘ಬೇಕೆನ್ನು’ ಎಂಬ ಕ್ರಿಯಾಪದದಿಂದಲೇ. ಬಳಕೆಯನ್ನೂ ಗಮನಿಸಿ. ಬಸ್ಸಿನಲ್ಲಿ ‘ಬೇಕಂತಲೇ ಕಾಲು ತುಳಿದ’ ಅನ್ನುತ್ತೇವೆ; ‘ಬೇಕಂತಲೇ ಸೀಟು ಬಿಟ್ಟುಕೊಟ್ಟ’ ಎಂದು ನಾನಂತೂ ಕೇಳಿಲ್ಲ. ಕೆಡಿಸುವಾಗ ಮಾತ್ರ ಮನುಷ್ಯನ ಇಚ್ಛೆ ನಮ್ಮ ಕಣ್ಣಿಗೆ ಬೀಳುತ್ತದೆ ಎಂದು ಈ ಪದವೇ ಹೇಳುತ್ತಿದೆ. ಅವನು ಹೇಳುವುದೂ ಹೆಚ್ಚುಕಡಿಮೆ ಅದನ್ನೇ.

ತೊಡಕು ವ್ಯಾಕರಣದ್ದು. ಇದು ಕ್ರಿಯಾವಿಶೇಷಣ, ನನಗೆ ನಾಮಪದ ಬೇಕು. ‘ಬೇಕಂತಲೇತನ’ ನಾಲಿಗೆಗೆ ಒಗ್ಗದು. ‘ಬೇಕೆಂಬುದು’ ಅಂದರೆ ಆ ‘ಲೇ’ ಹೋಗುತ್ತದೆ, ಅದರ ಜೊತೆ ಕಹಿಯೂ ಹೋಗುತ್ತದೆ. ‘ಉದ್ದೇಶಪೂರ್ವಕ’ ಪೊಲೀಸ್ ದೂರಿನ ಭಾಷೆ.

ಧಾರವಾಡ, ಕುಂದಾಪುರ, ಚಾಮರಾಜನಗರದ ಕಡೆಯವರು ಇದಕ್ಕೆ ಏನನ್ನುತ್ತೀರಿ? ತನಗೇ ನಷ್ಟವಾದರೂ ಬೇಕಂತಲೇ ಮಾಡುವವನನ್ನು ನಿಮ್ಮ ಮನೆಯ ಹಿರಿಯರು ಯಾವ ಮಾತಿನಲ್ಲಿ ಬೈಯುತ್ತಿದ್ದರು? ಬೈಗುಳವಾದರೂ ಸರಿ, ಕಳಿಸಿ.