ಮೊದಲ ಕಥಾಸಂಕಲನ: ನಾವೇ ಅಚ್ಚು ಹಾಕಿಸುವುದೋ, ಪ್ರಕಾಶಕರಿಗೆ ಕೊಡುವುದೋ?

ಕೇಳಿದವರು: ಹೊಸದುರ್ಗ ತಾಲ್ಲೂಕಿನ ಶಿಕ್ಷಕಿ

ನನ್ನ ಹನ್ನೊಂದು ಕಥೆಗಳ ಹಸ್ತಪ್ರತಿ ಸಿದ್ಧವಾಗಿದ್ದು, ಡೆಮಿ 1/8 ಎಂಬ ಸಾಮಾನ್ಯ ಪುಸ್ತಕದ ಆಕಾರದಲ್ಲಿ ಸುಮಾರು 128 ಪುಟಗಳಾಗುತ್ತವೆ. ಪ್ರಕಾಶಕರೊಬ್ಬರು ಪ್ರಕಟಿಸಲು ಒಪ್ಪಿದ್ದಾರೆ. ಆದರೆ 160 ರೂಪಾಯಿ ಬೆಲೆಯ ಪುಸ್ತಕದ 300 ಪ್ರತಿಗಳನ್ನು ಶೇ 30ರ ರಿಯಾಯಿತಿಯಲ್ಲಿ ನಾನೇ ಕೊಳ್ಳಬೇಕೆಂದು ಹೇಳುತ್ತಿದ್ದಾರೆ. ಇದಕ್ಕೆ ಒಪ್ಪಬಹುದೇ, ಅಥವಾ ನಾನೇ ಪ್ರಕಟಿಸುವುದು ಮೇಲೇ?

ದಾವಣಗೆರೆಯಿಂದ, ನಿವೃತ್ತ ಬ್ಯಾಂಕ್ ನೌಕರರು

ಮೇಡಂ, ನನ್ನ ಮೊದಲ ಪುಸ್ತಕವನ್ನು 2019ರಲ್ಲಿ ನಾನೇ ಪ್ರಕಟಿಸಿದೆ. ಎರಡನೆಯದನ್ನು ಪ್ರಕಾಶಕರು ತಂದರು. ತಮ್ಮ ಮುಂದಿರುವ ಪ್ರಸ್ತಾವ ಇವೆರಡರಲ್ಲಿ ಯಾವುದೂ ಅಲ್ಲ. 300 ಪ್ರತಿಗಳಿಗೆ ತಾವು ಕೊಡಬೇಕಾದದ್ದು 33,600 ರೂಪಾಯಿ. 144 ಪುಟಗಳ, ಅಂದರೆ ತಲಾ ಹದಿನಾರು ಪುಟದ ಒಂಬತ್ತು ಫಾರಂಗಳ ನನ್ನ ಪುಸ್ತಕದ 500 ಪ್ರತಿಗಳಿಗೆ ಡಿಟಿಪಿ (ಅಕ್ಷರ ಮತ್ತು ಪುಟ ಜೋಡಣೆ), ಮುಖಪುಟ, ಮುದ್ರಣ, ಬೈಂಡಿಂಗ್ ಎಲ್ಲ ಸೇರಿ ಅಂದು 41,000 ರೂಪಾಯಿ ಆಗಿತ್ತು. ಕಾಗದದ ಬೆಲೆ ಈಗ ಏರಿದೆಯಾದರೂ, ಮುದ್ರಣದ ವೆಚ್ಚದ ಬಹುಪಾಲನ್ನು ತಮ್ಮಿಂದಲೇ ಪಡೆದು, ಉಳಿದ ಪ್ರತಿಗಳನ್ನೂ ಹಕ್ಕನ್ನೂ ಅವರು ಇಟ್ಟುಕೊಳ್ಳುತ್ತಾರೆ ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಹಣ ತಮ್ಮದೇ ಆಗುವುದಾದರೆ ಪುಸ್ತಕವೂ ತಮ್ಮದಾಗಿರಲಿ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಸ್ವಂತ ಪ್ರಕಟಣೆ ಸುಲಭವೆಂದು ಹೇಳಲಾರೆ. ಅಚ್ಚು ಹಾಕಿಸುವುದು ಒಂದು ತಿಂಗಳ ಕೆಲಸ, ಮಾರುವುದು ಮೂರು ವರ್ಷದ ಕೆಲಸ. ಅಂಗಡಿಯವರು ಬೆಲೆಯಲ್ಲಿ ಶೇ 35ರಿಂದ 40ರವರೆಗೆ ಮುರಿದುಕೊಂಡು, ಅದೂ ಮಾರಿದ ಮೇಲೆ ಹಣ ಕೊಡುತ್ತೇವೆಂದರು. ಒಬ್ಬರಂತೂ ಇಂದಿಗೂ ಕೊಟ್ಟಿಲ್ಲ. ಬಿಡುಗಡೆಯ ದಿನ 90 ಪ್ರತಿಗಳು ಹೋದವು, ಆಮೇಲೆ ಮಂಚದ ಕೆಳಗಿನ ಕಟ್ಟುಗಳನ್ನು ನೋಡಿದಾಗಲೆಲ್ಲ ಮನೆಯವರು ಏನೂ ಹೇಳದೆ ಸುಮ್ಮನಾಗುತ್ತಿದ್ದರು. 2023ರ ಜನವರಿಯಲ್ಲಿ ಹಾವೇರಿಯ ಸಾಹಿತ್ಯ ಸಮ್ಮೇಳನಕ್ಕೆ ಚೀಲ ಹೊತ್ತುಕೊಂಡು ಹೋಗಿ, ಪರಿಚಿತರ ಮಳಿಗೆಯ ಮೂಲೆಯಲ್ಲಿ ಕುಳಿತು 37 ಪ್ರತಿ ಮಾರಿದೆ.

ಕಚೇರಿ ಕೆಲಸಗಳಿಗೆ ಹೆದರಬೇಕಾಗಿಲ್ಲ. ರಾಜಾ ರಾಮಮೋಹನ ರಾಯ್ ಐಎಸ್‌ಬಿಎನ್ ಸಂಸ್ಥೆಯು ಲೇಖಕರಿಗೂ ಉಚಿತವಾಗಿಯೇ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ ಕೊಡುತ್ತದೆ. ಅದಕ್ಕೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಲೇಖಕ-ಪ್ರಕಾಶಕರೂ ಅರ್ಜಿ ಹಾಕಬಹುದು. ಆಯ್ಕೆಯಾದರೆ ಪುಟದ ಲೆಕ್ಕದಲ್ಲಿ ದರ ಸಿಗುತ್ತದೆ, ಆದರೆ ಹಣ ಬರುವುದು ತಡ. ತಮಗೆ 35 ವರ್ಷ ದಾಟಿಲ್ಲವಾದರೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನಕ್ಕೆ ಅರ್ಜಿ ಕರೆಯುವವರೆಗೆ ಕಾಯುವುದು ಲೇಸು.

ತಮ್ಮಿಂದ ಒಂದು ರೂಪಾಯಿಯನ್ನೂ ಕೇಳದ ಪ್ರಕಾಶಕರು ಸಿಕ್ಕರೆ, ಒಂದೆರಡು ವರ್ಷ ಕಾಯಬೇಕಾದರೂ ಅವರಿಗೇ ಕೊಡಿ. ನನ್ನ ಎರಡನೆಯ ಪುಸ್ತಕಕ್ಕೆ ಹದಿನಾಲ್ಕು ತಿಂಗಳು ಕಾದೆ. ಗೌರವಧನ ಶೇ 10; ಮೊತ್ತ ಹೇಳಿಕೊಳ್ಳುವಂಥದ್ದಲ್ಲ. ಆದರೆ ನಾನು ಕಂಡೇ ಇರದ ಬೀದರ್‌ನ ಓದುಗರೊಬ್ಬರು ಪತ್ರ ಬರೆದರು, ಅಲ್ಲಿಯವರೆಗೆ ಪುಸ್ತಕ ತಲುಪಿಸುವುದು ನನ್ನಿಂದಾಗುತ್ತಿರಲಿಲ್ಲ.

ಚಿತ್ರದುರ್ಗದಿಂದ, ವಕೀಲರು

ಯಾರಿಗೇ ಕೊಟ್ಟರೂ ಕರಾರನ್ನು ಬರಹದಲ್ಲೇ ಮಾಡಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದನ್ನು ಐದು ವರ್ಷವೆಂದು ಭಾವಿಸಲಾಗುತ್ತದೆ. 'ಸಮಸ್ತ ಹಕ್ಕುಗಳು ಶಾಶ್ವತವಾಗಿ' ಎಂಬ ಮಾತಿದ್ದರೆ ಅದನ್ನು ಹೊಡೆದುಹಾಕಿಸಿ, ಪ್ರಥಮ ಮುದ್ರಣಕ್ಕೆ ಮಾತ್ರ ಎಂದು ಬರೆಸಿ. ಅನುವಾದ ಮತ್ತು ಇ-ಪುಸ್ತಕದ ಹಕ್ಕನ್ನು ತಮ್ಮಲ್ಲೇ ಇಟ್ಟುಕೊಳ್ಳಿ.

ಚಿತ್ರದುರ್ಗದಿಂದಲೇ, ಡಿಟಿಪಿ ಮಾಡುವವರು

ಸ್ವಂತವಾಗಿ ಮಾಡಿಸುವುದಾದರೆ ಕರಡನ್ನು ತಾವೊಬ್ಬರೇ ತಿದ್ದಬೇಡಿ. ಬರೆದವರ ಕಣ್ಣು ತಪ್ಪನ್ನು ದಾಟಿಕೊಂಡು ಹೋಗುತ್ತದೆ. ಯೂನಿಕೋಡ್‌ನಿಂದ ನುಡಿ ತಂತ್ರಾಂಶದ ಅಕ್ಷರಗಳಿಗೆ ಬದಲಾಯಿಸಿದಾಗ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೆಡುವುದರಿಂದ ಕೊನೆಯ ಕರಡನ್ನು ಕಾಗದದ ಮೇಲೆಯೇ ಓದಿ. ಮುದ್ರಣ ಮುಗಿದ ಮೇಲೆ ಪಿಡಿಎಫ್ ಜೊತೆಗೆ ಪುಟವಿನ್ಯಾಸದ ಮೂಲ ಕಡತವನ್ನೂ ಕೇಳಿ ಪಡೆಯಿರಿ, ಇಲ್ಲವಾದರೆ ಮರುಮುದ್ರಣದ ಹೊತ್ತಿಗೆ ಅದೇ ಕೆಲಸಕ್ಕೆ ಎರಡನೆಯ ಸಲ ಹಣ ಕೊಡಬೇಕಾಗುತ್ತದೆ.